ಎರಡು ಇಂಚು ಎತ್ತರಿಸಿದ ಜಿಮ್ನಿ ಮತ್ತು ಅದರ ನಡುಕ ನಿಲ್ಲಿಸಿದ ಉಡುಪಿಯ ವರ್ಕ್‌ಶಾಪ್

ಮಳೆಗಾಲಕ್ಕೆ ಮುಂಚೆ ನನ್ನ ಜಿಮ್ನಿಗೆ (ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ) ಬಾಡಿ ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಮತ್ತು 215/75 ಆರ್15 ಅಳತೆಯ ಮಡ್ ಟೈರ್ ಹಾಕಿಸಿದ್ದೆ. ಹಾಕಿಕೊಟ್ಟವರು ಸ್ಪ್ರಿಂಗ್, ಶಾಕ್ ಬದಲಿಸಿ ಕೀ ಕೈಗಿತ್ತರು, ಓಡಿಸಿ ನೋಡಲಿಲ್ಲ. ಇಲ್ಲಿ ಬರೆಯುತ್ತಿರುವುದು ಅವರ ಬಗ್ಗೆ ಅಲ್ಲ, ಆಮೇಲೆ ಗಾಡಿಯನ್ನು ಸರಿಪಡಿಸಿದ, ಉಡುಪಿ–ಮಣಿಪಾಲ ನಡುವಿನ ಒಂದು ಸಣ್ಣ ವರ್ಕ್‌ಶಾಪಿನ ಬಗ್ಗೆ.

ಹೆದ್ದಾರಿ 66ರ ಉದ್ಯಾವರ ಸೇತುವೆಯ ಜಾಯಿಂಟ್ ಮೇಲೆ ಎಪ್ಪತ್ತರ ವೇಗದಲ್ಲಿ ಹೋಗುತ್ತಿದ್ದಾಗ ಸ್ಟೀರಿಂಗ್ ಎರಡೂ ಕೈಗಳ ಹಿಡಿತ ಮೀರಿ ಅದುರತೊಡಗಿತು. ವೇಗ ನಲವತ್ತಕ್ಕೆ ಇಳಿಯುವವರೆಗೆ ನಿಲ್ಲಲಿಲ್ಲ. ಎರಡು ಸಲ ಮಾಡಿಸಿದ ವೀಲ್ ಬ್ಯಾಲೆನ್ಸಿಂಗ್‌ನಿಂದ ಪ್ರಯೋಜನವಾಗಿರಲಿಲ್ಲ. ಈ ವರ್ಕ್‌ಶಾಪಿನ ಮೆಕ್ಯಾನಿಕ್ ಮೊದಲು ನನ್ನನ್ನು ಸೀಟಿನಲ್ಲಿ ಕೂರಿಸಿ ಸ್ಟೀರಿಂಗ್ ಆಚೀಚೆ ಆಡಿಸಲು ಹೇಳಿ, ತಾವು ಅಡಿಯಲ್ಲಿ ಮಲಗಿ, ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಶ್ (ಕೀಲಿನ ರಬ್ಬರ್ ಬಳೆ) ಮೇಲೆ, ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ ಮೇಲೆ ಬೆರಳಿಟ್ಟು ಪರೀಕ್ಷಿಸಿದರು. “ಇದು ಬ್ಯಾಲೆನ್ಸಿಂಗ್‌ನಿಂದ ನಿಲ್ಲುವುದಲ್ಲ ಮಾರಾಯ್ರೆ, ಕ್ಯಾಸ್ಟರ್ ಹೋಗಿದೆ” ಎಂದರು. ಕ್ಯಾಸ್ಟರ್ ಎಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ. ಗಾಡಿ ಎತ್ತರವಾದಾಗ ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ರೇಡಿಯಸ್ ಆರ್ಮ್‌ಗಳು ಮುಂದಿನ ಆಕ್ಸಲ್ಲನ್ನು ತಿರುಗಿಸುತ್ತವೆ, ಸೈಕಲ್ಲಿನ ಫೋರ್ಕ್ ನೆಟ್ಟಗೆ ನಿಲ್ಲಿಸಿದ ಹಾಗೆ ಕಿಂಗ್‌ಪಿನ್‌ನ ಓರೆ ಕಡಿಮೆಯಾಗಿ, ಚಕ್ರ ತಾನಾಗಿ ನೇರಕ್ಕೆ ಮರಳುವ ಗುಣ ಕುಂದುತ್ತದೆ. ನಡುವಿನ ತೂತು ಕೊಂಚ ಪಕ್ಕಕ್ಕಿರುವ ಬುಶ್‌ಗಳನ್ನು ಪ್ರೆಸ್ಸಿನಲ್ಲಿ ಕೂರಿಸಿ ಆ ಓರೆಯನ್ನು ಮರಳಿಸಿದರು. ಲಿಫ್ಟ್ ಕಿಟ್ ಜೊತೆಗೇ ಬರಬೇಕಾದ ಭಾಗವಿದು. ಕೊಳ್ಳುವವರು ಕೇಳಿಯೇ ಕೊಳ್ಳಬೇಕು.

ಆಮೇಲೆ ಅವರು ನನ್ನೊಡನೆ ಕಾರ್ಕಳದ ಕಡೆಯ ಪರಿಚಿತರ ರಬ್ಬರ್ ತೋಟಕ್ಕೂ ಬಂದರು. ಮಳೆ ಕೊರೆದ ಮುರಕಲ್ಲಿನ ಇಳಿಜಾರಿನಲ್ಲಿ ಬಂಪರ್ ತಾಗಲಿಲ್ಲ, ಆದರೆ ಡಿಫರೆನ್ಷಿಯಲ್ (ಆಕ್ಸಲ್ಲಿನ ಗೇರುಗಳಿರುವ ಉಬ್ಬು) ಎರಡು ಕಡೆ ಕಲ್ಲಿಗೆ ಉಜ್ಜಿತು. ಸ್ಪ್ರಿಂಗ್‌ನಿಂದ ಏರುವುದು ಬಾಡಿ ಮಾತ್ರ, ಆಕ್ಸಲ್ ಏರುವುದು ಟೈರಿನಿಂದ. ಕಂಪನಿಯ 195/80 ಬದಲು 215/75 ಹಾಕಿ ನನಗೆ ಸಿಕ್ಕಿದ್ದು ಸುಮಾರು ಐದು ಮಿಲಿಮೀಟರ್ ಅಷ್ಟೇ. ಇನ್ನೂ ದೊಡ್ಡದಾದ 235/75 ಹಾಕಿಸೋಣವೆಂದಾಗ ಅವರು ಒಪ್ಪಲಿಲ್ಲ: ಸ್ಪೀಡೋಮೀಟರ್ ಶೇ. 6ರಷ್ಟು ಕಡಿಮೆ ತೋರಿಸುತ್ತದೆ, ತಿರುವಿನಲ್ಲಿ ಫೆಂಡರಿಗೆ ತಾಗುತ್ತದೆ, ವಾಹನದ ಮಾರ್ಪಾಡಿನ ಕುರಿತಾದ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತೊಡಕೂ ಇದೆ ಎಂದರು. ಕೆಲಸ ಬಿಟ್ಟುಕೊಟ್ಟು ಹೀಗೆ ಹೇಳುವವರು ನನಗೆ ಸಿಕ್ಕಿದ್ದು ಇದೇ ಮೊದಲು.

ತೋಟದ ಕೆಳಗಿನ ತೋಡನ್ನು ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ನಾಲ್ಕು ಸಲ ದಾಟಿದೆವು. ಮರುದಿನ ಹಿಂದಿನ ಡಿಫರೆನ್ಷಿಯಲ್‌ನ ಡ್ರೈನ್ ಪ್ಲಗ್ ತೆಗೆದಾಗ ಸುರಿದದ್ದು ಹಾಲು ಬೆರೆಸಿದ ಚಹಾದ ಬಣ್ಣದ ಎಣ್ಣೆ. ಎತ್ತರ ಹೆಚ್ಚಿದಾಗ ಎಳೆದು ಬಿಗಿಯಾದ ಬ್ರೀದರ್ ಪೈಪ್ (ಆಕ್ಸಲ್ ಒಳಗೆ-ಹೊರಗೆ ಗಾಳಿ ಆಡಲು ಇರುವ ಕೊಳವೆ) ಕಳಚಿಕೊಂಡಿತ್ತು. ಬಿಸಿಯಾದ ಆಕ್ಸಲ್ ತಣ್ಣೀರಿಗಿಳಿದು ಒಳಗಿನ ಗಾಳಿ ಕುಗ್ಗಿದಾಗ ನೀರನ್ನೇ ಎಳೆದುಕೊಂಡಿದೆ. ಉದ್ದದ ಪೈಪ್ ಹಾಕಿ ಮೇಲಕ್ಕೊಯ್ದು ಕಟ್ಟಿ, ಎಣ್ಣೆ ಬದಲಿಸಿದರು.

ಕೊರತೆಯೂ ಇದೆ. ಮೂರು ದಿನವೆಂದ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು, ಖರ್ಚಿನ ಅಂದಾಜನ್ನು ಬರೆದು ಕೊಡುವ ರೂಢಿ ಇಲ್ಲ. ಆದರೆ ಬಿಲ್ಲಿನಲ್ಲಿ ಬುಶ್, ಎಣ್ಣೆ, ಕೂಲಿ ಬೇರೆಬೇರೆಯಾಗಿತ್ತು, ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿ ಕೊಟ್ಟರು. ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಯಲು ಕರೆದಿದ್ದರು. ಹೋಗುವ ದಾರಿಯಲ್ಲಿ ಅದೇ ಸೇತುವೆಯನ್ನು ಅದೇ ವೇಗದಲ್ಲಿ ದಾಟಿದೆ, ಸ್ಟೀರಿಂಗ್ ಅಲುಗಲಿಲ್ಲ.