ಉಪ್ಪಿನಕಾಯಿ ಪೇಜಿಗೆ ಕೋಡಿಂಗ್ ಬೇಕಿಲ್ಲ

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು, ಜೋನಿ ಬೆಲ್ಲ ಮಾಡಿ ಮಾರುತ್ತೇವೆ. ಫೇಸ್‌ಬುಕ್ ಪೇಜನ್ನು ನಮ್ಮದೇ ಅಂಗಡಿಯ ಹಾಗೆ ಮಾಡಿಕೊಳ್ಳಲು ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಒಂದು ಡಿಸೈನ್ ಆ್ಯಪ್ ಸಾಕಾಯಿತು. ಕೋಡಿಂಗ್ ಗೊತ್ತಿರಬೇಕು ಅಂತೇನಿಲ್ಲ.

ವಾಟ್ಸ್‌ಆ್ಯಪ್ ಬಿಸಿನೆಸ್ ನನಗೆ ತುಂಬಾ ಇಷ್ಟ. 2018ರಲ್ಲಿ ಬಂದ ಆ್ಯಪ್, ಪುಕ್ಕಟೆ. ಕ್ಯಾಟಲಾಗ್‌ನಲ್ಲಿ 500 ಐಟಂವರೆಗೆ ಫೋಟೊ, ರೇಟು ಹಾಕಬಹುದು. ಮಿಡಿ ಸೀಸನ್ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಜೀರಿಗೆ ಮಿಡಿ ಇದ್ಯಾ? ಕೊರಿಯರ್ ಮಾಡ್ತೀರಾ?’ ಉತ್ತರವನ್ನು ಕ್ವಿಕ್ ರಿಪ್ಲೈನಲ್ಲಿ ಉಳಿಸಿಟ್ಟಿದ್ದೇನೆ. ಸ್ಲ್ಯಾಷ್ (/) ಒತ್ತಿ ಆರಿಸಿದರೆ ರೇಟು, ತೂಕ, ಕೊರಿಯರ್ ಖರ್ಚು ಎಲ್ಲ ಒಟ್ಟಿಗೆ ಹೋಗುತ್ತದೆ. ಕೈತುಂಬಾ ಖಾರ ಮೆತ್ತಿಕೊಂಡಿರುವಾಗ ಇದರ ಬೆಲೆ ಗೊತ್ತಾಗುತ್ತದೆ. ಫೇಸ್‌ಬುಕ್ ಪೇಜಿನ ಬಟನ್ನಿಗೂ ಇದೇ ನಂಬರ್ ಜೋಡಿಸಿದೆ. ಗಿರಾಕಿ ಅದನ್ನು ಒತ್ತಿದರೆ ಸೀದಾ ನಮ್ಮ ಚಾಟ್‌ಗೇ ಬರುತ್ತಾರೆ.

ಡಿಸೈನ್ ಆ್ಯಪ್‌ನಲ್ಲಿ ಟೆಂಪ್ಲೇಟ್‌ಗಳು, ಅಂದರೆ ಸಿದ್ಧ ವಿನ್ಯಾಸಗಳು, ಚೆನ್ನಾಗಿವೆ, ಆದರೆ ಕನ್ನಡಕ್ಕೆ ಒಗ್ಗುವುದಿಲ್ಲ. ‘ಉಪ್ಪಿನಕಾಯಿ’ ಅಂತ ದೊಡ್ಡದಾಗಿ ಬರೆದರೆ ‘ಪ್ಪಿ’ಯ ಒತ್ತು ಕೆಳಗಿನ ಸಾಲಿಗೆ ಹೋಗಿ ತಾಗುತ್ತದೆ. ಸಾಲುಗಳ ಅಂತರವನ್ನು ಇಂಗ್ಲಿಷ್ ಅಕ್ಷರ ನೋಡಿಯೇ ಇಟ್ಟಿದ್ದಾರೆ. ಅಂತರ ಸ್ವಲ್ಪ ಜಾಸ್ತಿ ಮಾಡಿ, ಒಳ್ಳೆಯ ಕನ್ನಡ ಫಾಂಟ್ ಆರಿಸಿದರೆ ಸರಿಹೋಗುತ್ತದೆ. ಆದರೂ ಬೇಜಾರು. ನಮ್ಮ ಗಿರಾಕಿಗಳು ಓದುವುದು ಕನ್ನಡವನ್ನೇ ಅಲ್ವಾ?

ಕವರ್ ಫೋಟೊ ಮಾಡುವಾಗ ಹೆಸರನ್ನು ನಡುವೆ ಇಡಿ. ಮೊಬೈಲ್‌ನಲ್ಲಿ ಅಂಚು ಕತ್ತರಿಸಿ ಹೋಗುತ್ತದೆ. ಡಿಸೈನ್ ಆ್ಯಪ್‌ನಲ್ಲಿ ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಲಾನ್ ನಮ್ಮಂಥ ಮನೆ ವ್ಯಾಪಾರಕ್ಕೆ ಬೇಡವೇ ಬೇಡ.