ಬಂಗುಡೆಗೆ ಸಬೀಕಿ ಗಾಳ: ಬಳಕೆದಾರನ ವಿಮರ್ಶೆ

ಮಂಗಳೂರಿನ ಬಂದರು ಪ್ರದೇಶದ ಅಂಗಡಿಯೊಂದರಲ್ಲಿ ಕೊಂಡ ಸಬೀಕಿ ಗಾಳವನ್ನು ಮಳೆಗಾಲ ಕಳೆದು ಬಂಗುಡೆ ದಡದ ಹತ್ತಿರ ಬರುವ ದಿನಗಳಲ್ಲಿ ಮಲ್ಪೆಯ ಕಲ್ಲಿನ ತಡೆಗೋಡೆಯ ಮೇಲಿಂದ ಬಳಸುತ್ತಿದ್ದೇನೆ. ಒಂದೇ ನೈಲಾನ್ ದಾರಕ್ಕೆ ಗೇಣು ಗೇಣು ಅಂತರದಲ್ಲಿ 6 ಸಣ್ಣ ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಮಿನುಗುವ ಮೀನಿನ ಚರ್ಮದ ಚೂರು, ಕೆಳತುದಿಯಲ್ಲಿ ಸೀಸ ತೂಗಿಸಲು ಒಂದು ಕೊಂಡಿ. ಬೇರೆ ಎರೆಯ ಅಗತ್ಯವೇ ಇಲ್ಲ.

ಇದು ಬಂಗುಡೆಗೆ ಇಷ್ಟು ಚೆನ್ನಾಗಿ ಒಗ್ಗಲು ಕಾರಣ ಆ ಮೀನು ಉಣ್ಣುವ ರೀತಿ. ಬಾಯಿ ತೆರೆದು ಈಜುತ್ತ ಕಿವಿರಿನೊಳಗಿನ ಉದ್ದನೆಯ ಎಳೆಗಳಿಂದ ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು, ಸೋಸಿ ತಿನ್ನುವ ಬಂಗುಡೆ, ಸಣ್ಣ ಸಿಗಡಿ ಮತ್ತು ಮೀನಿನ ಮರಿಗಳನ್ನೂ ಬಿಡುವುದಿಲ್ಲ. ನೀರಿನಲ್ಲಿ ಮಿನುಗುವ ಚರ್ಮದ ಚೂರು ಅದಕ್ಕೆ ಅಂಥದೇ ಮರಿಯಂತೆ ಕಾಣುತ್ತದೆ. ಮೊದಲ ಮೀನು ಕಚ್ಚಿದೊಡನೆ ದಾರ ಎಳೆಯದೆ ತುಸು ತಡೆದರೆ, ಅದರ ಒದ್ದಾಟಕ್ಕೆ ಗುಂಪಿನ ಉಳಿದವೂ ಒಂದೊಂದಾಗಿ ಬಾಯಿ ಹಾಕುತ್ತವೆ. ಈ ಗಾಳದ ನಿಜವಾದ ಬೆಲೆ ಇರುವುದು ಇಲ್ಲಿಯೇ.

ನನ್ನ ಮುಖ್ಯ ಆಕ್ಷೇಪ ಪೊಟ್ಟಣದ ಮೇಲಿನ ಚಿತ್ರದ ಬಗ್ಗೆ. ಬೆನ್ನ ಮೇಲೆ ಅಲೆಅಲೆಯಾದ ಪಟ್ಟೆಗಳಿರುವ ಆ ಮೀನು ಅಟ್ಲಾಂಟಿಕ್ ಸಾಗರದ ಮ್ಯಾಕೆರೆಲ್, ನಮ್ಮ ಬಂಗುಡೆಯಲ್ಲ. ನಮ್ಮದರ ಮೈಯ ಮೇಲ್ಭಾಗದಲ್ಲಿ ಉದ್ದಕ್ಕೆ ಸಾಗುವ ಕಪ್ಪು ಗೆರೆಗಳೂ, ಎದೆಯ ರೆಕ್ಕೆಯ ಕೆಳಅಂಚಿನ ಬಳಿ ಒಂದು ಕಪ್ಪು ಚುಕ್ಕೆಯೂ, ಬಾಲದತ್ತ ಮೇಲೆ ಕೆಳಗೆ ಐದೈದು ಕಿರುರೆಕ್ಕೆಗಳೂ ಇರುತ್ತವೆ. ಇದೇ ಗಾಳಕ್ಕೆ ಬೀಳುವ, ದೂರದಿಂದ ಬಂಗುಡೆಯಂತೆಯೇ ತೋರುವ ಸ್ಕ್ಯಾಡ್ ಮೀನಿಗೆ ಅಂಥ ಕಿರುರೆಕ್ಕೆ ಮೇಲೊಂದು, ಕೆಳಗೊಂದು ಮಾತ್ರ. ಸ್ಕ್ಯಾಡ್‌ನ ಬಾಲದ ಬುಡದ ಪಕ್ಕದಲ್ಲಿ ಬೆರಳಾಡಿಸಿದರೆ ಗರಗಸದಂಥ ಗಡಸು ಹುರುಪೆ ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಮಾರುವ ವಸ್ತುವಿನ ಮೇಲೆ ನಮ್ಮ ಮೀನಿನ ಸರಿಯಾದ ಚಿತ್ರ ಇರಬೇಕೆಂದು ಕೇಳುವುದು ಅತಿಯಾದ ನಿರೀಕ್ಷೆಯಲ್ಲ. ಮರಿ ಮೀನನ್ನು ನೀರಿಗೆ ಬಿಡಬೇಕೆಂಬ ಒಂದು ಸಾಲಾದರೂ ಅಲ್ಲಿರಬೇಕಿತ್ತು; ಕೇರಳದಲ್ಲಿ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆಯನ್ನು ಹಿಡಿಯುವಂತೆಯೇ ಇಲ್ಲ.

ಕೊಕ್ಕೆಗಳು ಚೂಪಾಗಿವೆ, ಗಂಟುಗಳೂ ಗಟ್ಟಿ. ಸೀಸ ತೂಗಿಸುವ ಕೊಂಡಿ ಮಾತ್ರ ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಅದನ್ನು ಮೊದಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಗಾಳಿ ಜೋರಾಗಿರುವಾಗ ಆರೂ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ, ಹೊಸಬರು ದಾರವನ್ನು ನಡುವೆ ಕತ್ತರಿಸಿ ಮೂರೇ ಕೊಕ್ಕೆಗಳಿಂದ ಆರಂಭಿಸಲಿ. ಉಳಿದರ್ಧ ಮುಂದಿನ ಸಲಕ್ಕೆ ಒದಗುತ್ತದೆ.