ಟ್ಯೂಬಾ ಕಾಣದ ಸೀಟು: ಆರ್ಕೆಸ್ಟ್ರಾದ ಸೀಸನ್ ಪಾಸ್, ಒಂದು ವರ್ಷದ ನಂತರ

ಕಳೆದ ಏಪ್ರಿಲ್‌ನಲ್ಲಿ ಅಂಚೆ ಡಬ್ಬಿಗೆ ಒಂದು ನುಣುಪು ಕಾಗದದ ಪುಸ್ತಕ ಬಂದು ಬಿತ್ತು. ನಮ್ಮ ಭಾಗದ ಸಿಂಫನಿ ಆರ್ಕೆಸ್ಟ್ರಾದ ಮುಂದಿನ ಸೀಸನ್ನಿನ ಪಟ್ಟಿ. ನಾವಿರುವುದು ಅಮೆರಿಕದ ಒಂದು ಮಧ್ಯಮ ಗಾತ್ರದ ಊರು. ದೊಡ್ಡ ಹೆಸರಿನ ಆರ್ಕೆಸ್ಟ್ರಾ ಕೇಳಬೇಕೆಂದರೆ ನಾಲ್ಕು ಗಂಟೆ ಕಾರು ಓಡಿಸಬೇಕು. ಮಗಳು ಶಾಲೆಯಲ್ಲಿ ವಿಯೋಲಾ ಕಲಿಯುತ್ತಾಳೆ. ಅವಳ ಟೀಚರ್ ಈ ಆರ್ಕೆಸ್ಟ್ರಾದಲ್ಲೇ ನುಡಿಸುತ್ತಾರೆ. "ಅಮ್ಮ, ಒಂದು ಸಲ ತಗೊಂಡು ನೋಡೋಣ" ಎಂದಳು. ಆರು ಕಾರ್ಯಕ್ರಮದ ಸೀಸನ್ ಪಾಸ್‌ಗೆ ಬಾಲ್ಕನಿಯಲ್ಲಿ ನನಗೆ 132 ಡಾಲರ್, ಅವಳಿಗೆ ವಿದ್ಯಾರ್ಥಿ ದರದಲ್ಲಿ 60. ನಮ್ಮ ಮನೆಯವರು "ನಾನು ಅಲ್ಲಿ ನಿದ್ದೆ ಮಾಡ್ತೀನಿ, ದುಡ್ಡು ದಂಡ" ಎಂದು ಮೊದಲೇ ಕೈ ಎತ್ತಿದರು.

ಆರೂ ಕಾರ್ಯಕ್ರಮ ಮುಗಿದಿವೆ. ತಗೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾನು ಸಂಗೀತ ಕಲಿತವಳಲ್ಲ. ಒಂದು ಲಾರಿ ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವಳು. ಹಾಗಾಗಿ ಇಲ್ಲಿ ಸ್ವರಕ್ಕಿಂತ ಲೆಕ್ಕವೇ ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಸೀಟಿನ ವಿಷಯ. ಬಾಲ್ಕನಿಯಲ್ಲಿ ಕೂತರೆ ನಷ್ಟ ಏನೂ ಇಲ್ಲ. ಕೆಳಗೆ ಮುಂದಿನ ಸಾಲುಗಳಿಗೆ ಮೂರು ಪಟ್ಟು ದುಡ್ಡು. ಅಲ್ಲಿ ಕೂತರೆ ಕಾಣುವುದು ವಯಲಿನ್ ನುಡಿಸುವವರ ಬೂಟು. ಮೇಲಿನಿಂದ ಇಡೀ ಆರ್ಕೆಸ್ಟ್ರಾ ರಂಗೋಲಿ ಹಾಕಿದ ಹಾಗೆ ಕಾಣುತ್ತದೆ. ಎಲ್ಲ ಬಿಲ್ಲುಗಳೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಸದ್ದೂ ಚೆನ್ನಾಗಿ ಬೆರೆತು ಬರುತ್ತದೆ. ಆದರೆ ಒಂದು ತಪ್ಪು ಮಾಡಿದೆ. ಬಲಗಡೆ ಗೋಡೆಯ ಪಕ್ಕದ ಸೀಟು ಆರಿಸಿದೆ, ಹೊರಗೆ ಹೋಗಲು ಸುಲಭ ಎಂದು. ಅಲ್ಲಿಂದ ವೇದಿಕೆಯ ಬಲ ಮೂಲೆ ಕಾಣುವುದೇ ಇಲ್ಲ. ಟ್ರಾಂಬೋನ್, ಟ್ಯೂಬಾ ಎಂಬ ಹಿತ್ತಾಳೆಯ ದೊಡ್ಡ ಊದುವ ವಾದ್ಯದವರು ಕೂರುವುದು ಆ ಮೂಲೆಯಲ್ಲೇ.

ಕಾಣದಿದ್ದರೆ ಏನು ಮಹಾ ಎಂದುಕೊಂಡಿದ್ದೆ, ಜನವರಿವರೆಗೆ.

ಪಾಸ್ ಇರುವವರಿಗೆ ಒಂದು ಸೌಲಭ್ಯವಿದೆ. ಶನಿವಾರ ಬೆಳಿಗ್ಗೆಯ ಕೊನೆಯ ರಿಹರ್ಸಲ್‌ಗೆ ಸುಮ್ನೆ ಹೋಗಿ ಕೂರಬಹುದು, ಎಲ್ಲಿ ಬೇಕಾದರೂ. ಜನವರಿಯ ಕಾರ್ಯಕ್ರಮದಲ್ಲಿ ಮೊದಲು ಮೊಜಾರ್ಟ್‌ನ ಒಂದು ಪಿಯಾನೋ ಕನ್ಸರ್ಟೋ, ವಿರಾಮದ ನಂತರ ಚೆಕ್ ಸಂಗೀತಕಾರ ದ್ವೋರ್ಜಾಕ್‌ನ ಒಂಬತ್ತನೇ ಸಿಂಫನಿ, "ನ್ಯೂ ವರ್ಲ್ಡ್" ಎನ್ನುತ್ತಾರಲ್ಲ, ಅದು. ಈ ದೇಶದಲ್ಲೇ ಬರೆದದ್ದು. 1893ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲು ನುಡಿಸಿದ್ದು. ನಾವಿಬ್ಬರೂ ಕೆಳಗೆ ಬಲಗಡೆ ಕೂತೆವು.

ಟ್ಯೂಬಾದವರು ಐವತ್ತು ದಾಟಿದ ಮನುಷ್ಯ. ಮೊಜಾರ್ಟ್‌ನಲ್ಲಿ ಟ್ಯೂಬಾಕ್ಕೆ ಕೆಲಸವೇ ಇಲ್ಲ. ಸಿಂಫನಿಯ ಮೊದಲನೇ ಭಾಗ ಶುರುವಾಯಿತು, ಎಲ್ಲರೂ ನುಡಿಸುತ್ತಿದ್ದಾರೆ, ಇವರು ತೊಡೆಯ ಮೇಲೆ ಆ ದೊಡ್ಡ ಹಿತ್ತಾಳೆಯನ್ನು ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದಾರೆ. ಆಗಾಗ ಅದರೊಳಗೆ ಸದ್ದಿಲ್ಲದೆ ಬಿಸಿ ಉಸಿರು ಬಿಡುತ್ತಿದ್ದರು. ಎರಡನೇ ಭಾಗದ ಶುರುವಿನಲ್ಲಿ ಹಿತ್ತಾಳೆ ವಾದ್ಯಗಳೆಲ್ಲ ಸೇರಿ ಮೆಲ್ಲಗೆ ಕೆಲವು ಸ್ವರ ಹಿಡಿಯುತ್ತವೆ. ಆಗ ಇವರು ಟ್ಯೂಬಾ ಎತ್ತಿದರು, ನುಡಿಸಿದರು, ಇಳಿಸಿದರು. ಆಮೇಲೆ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯದಲ್ಲಿ ಆ ಪ್ರಸಿದ್ಧ ರಾಗ. ಅದೇ ಭಾಗದಲ್ಲಿ ಮುಂದೆ ಇನ್ನೊಮ್ಮೆ ಎತ್ತಿದರು, ಇಳಿಸಿದರು. ಅಷ್ಟೇ. ಮೂರನೇ ಭಾಗದಲ್ಲಿ ಇಲ್ಲ, ನಾಲ್ಕನೇ ಭಾಗದಲ್ಲಿ ಇಲ್ಲ. ಇಡೀ ಸಿಂಫನಿಯಲ್ಲಿ ಅವರ ಪಾಲಿಗೆ ಇಪ್ಪತ್ತು ಸ್ವರವೂ ಇಲ್ಲ!

ರಿಹರ್ಸಲ್ ಮುಗಿದ ಮೇಲೆ ಮಗಳ ಟೀಚರ್ ನಮ್ಮನ್ನು ಟ್ಯೂಬಾದವರ ಹತ್ತಿರ ಕರೆದುಕೊಂಡು ಹೋದರು. ವಾರದ ದಿನ ಕಾಲೇಜಿನಲ್ಲಿ ಪಾಠ, ವಾರಾಂತ್ಯಕ್ಕೆ ಮೂರು ಊರುಗಳ ಆರ್ಕೆಸ್ಟ್ರಾ. ನಮ್ಮ ಊರಿಗೆ ಬರಲು ಎರಡು ಗಂಟೆಯ ದಾರಿ. ನಾನು ಲೆಕ್ಕದವಳು, ಬಾಯಿ ಸುಮ್ಮನಿರಲಿಲ್ಲ. "ಇಷ್ಟಕ್ಕೇ ಅಷ್ಟು ದೂರದಿಂದ ಬರ್ತೀರಾ?" ಎಂದೆ. ಅವರು ನಕ್ಕರು. "ಹತ್ತು ನಿಮಿಷ ಸುಮ್ಮನೆ ಕೂತು, ತಣ್ಣಗಾದ ಟ್ಯೂಬಾ ಎತ್ತಿ, ಮೊದಲ ಸ್ವರವನ್ನೇ ಮೆತ್ತಗೆ, ಸರಿಯಾದ ಶ್ರುತಿಯಲ್ಲಿ ಹಿಡೀಬೇಕು. ಹಾಲ್‌ನಲ್ಲಿ ಬೇರೆ ಯಾವ ಸದ್ದೂ ಇರಲ್ಲ. ತಪ್ಪಿದ್ರೆ ಬಾಲ್ಕನಿಗೂ ಗೊತ್ತಾಗುತ್ತೆ" ಎಂದರು. ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಆ ಬಿಸಿ ಉಸಿರು ಯಾಕೆಂದು ಆಗ ಅರ್ಥವಾಯಿತು.

ಮನೆಗೆ ಬರುವ ದಾರಿಯಲ್ಲಿ ತಲೆಯೊಳಗೆ ಲೆಕ್ಕ ಶುರುವಾಯಿತು. ಇಂಥ ಆರ್ಕೆಸ್ಟ್ರಾಗಳಲ್ಲಿ ಬಹಳಷ್ಟು ಕಡೆ ತಿಂಗಳ ಸಂಬಳವಿಲ್ಲ. "ಸರ್ವಿಸ್" ಲೆಕ್ಕ. ಒಂದು ರಿಹರ್ಸಲ್ ಒಂದು ಸರ್ವಿಸ್, ಒಂದು ಕಾರ್ಯಕ್ರಮ ಒಂದು ಸರ್ವಿಸ್, ಸಾಮಾನ್ಯವಾಗಿ ಎರಡೂವರೆ ಗಂಟೆಯದು. ಅದಕ್ಕಿಂತ ಹೊತ್ತಾದರೆ ಓವರ್‌ಟೈಮ್. ಜನವರಿಗೆ ನಾಲ್ಕು ರಿಹರ್ಸಲ್, ಎರಡು ಕಾರ್ಯಕ್ರಮ, ಒಟ್ಟು ಆರು ಸರ್ವಿಸ್. ಟ್ಯೂಬಾದವರ ಭಾಗವನ್ನು ಮೊದಲೇ ಮುಗಿಸಿ ಮನೆಗೆ ಕಳಿಸಿದರೂ ಆ ಸರ್ವಿಸ್‌ನ ದುಡ್ಡು ಪೂರ್ತಿ ಕೊಡಬೇಕು. ದೂರದಿಂದ ಬಂದವರಿಗೆ ಪೆಟ್ರೋಲ್ ಲೆಕ್ಕ ಬೇರೆ. ಅಂದಹಾಗೆ, ಆ ರಿಹರ್ಸಲ್‌ನಲ್ಲಿ ಗಡಿಯಾರ ನೋಡುವುದೇ ಕೆಲಸವಾಗಿದ್ದ ಒಬ್ಬರಿದ್ದರು. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಇನ್ನೊಂದು ಸಲ ನುಡಿಸೋಣ ಎಂದು ಕೋಲು ಎತ್ತಿದಾಗ ಅವರು ಎದ್ದು ನಿಂತರು, ಅಷ್ಟೇ. ಕೋಲು ಕೆಳಗೆ ಬಂತು.

ಖರ್ಚು ಉಳಿಸಲು ಯಾರನ್ನಾದರೂ ಕೈಬಿಡೋಣ ಎಂದರೆ ಯಾರನ್ನು ಬಿಡುತ್ತೀರಿ? ಟ್ಯೂಬಾ ಇಲ್ಲದೆ ಆ ಭಾಗ ಶುರುವಾಗುವುದು ಹೇಗೆ? ನಮ್ಮ ಆಫೀಸಿನಲ್ಲಿ ಹದಿನೈದು ವರ್ಷದ ಹಿಂದೆ ನಾಲ್ಕು ಜನ ಮಾಡುತ್ತಿದ್ದ ಕೆಲಸವನ್ನು ಈಗ ನಾನೊಬ್ಬಳೇ ಸಾಫ್ಟ್‌ವೇರ್ ಇಟ್ಟುಕೊಂಡು ಮಾಡುತ್ತೇನೆ. ದ್ವೋರ್ಜಾಕ್‌ಗೆ ಮಾತ್ರ 1893ರಲ್ಲಿ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಅಷ್ಟೇ ಬೇಕು. ಬಾಮೋಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಬೇರೆ ಕಡೆ ಕೆಲಸ ಚುರುಕಾಗಿ ಸಂಬಳ ಏರುತ್ತದೆ, ಇಲ್ಲಿ ಕೆಲಸ ಚುರುಕಾಗಲು ದಾರಿಯೇ ಇಲ್ಲ, ಸಂಬಳ ಮಾತ್ರ ಜೊತೆಗೇ ಏರಬೇಕು. ಏರದಿದ್ದರೆ ಟ್ಯೂಬಾದವರು ಬರುವುದಿಲ್ಲ.

ಹಾಗಾದರೆ ಒಂದು ಕಾರ್ಯಕ್ರಮಕ್ಕೆ ನಾನು ಕೊಡುವ 22 ಡಾಲರ್‌ಗೆ ಇವರು ಹೇಗೆ ನಡೆಸುತ್ತಾರೆ? ನೋಡೇಬಿಡೋಣ ಎಂದು ಕೂತೆ. ಇದು ಲಾಭಕ್ಕೆ ನಡೆಸುವ ಸಂಸ್ಥೆ ಅಲ್ಲ. ತೆರಿಗೆ ಕಾನೂನಿನ 501(ಸಿ)(3) ಕಲಮಿನ ಕೆಳಗೆ ಬರುವ ಸಂಸ್ಥೆ. ಹಾಗಾಗಿ ವರ್ಷಾವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ಲೆಕ್ಕಪತ್ರ ತುಂಬಿ ಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಒಂದು ಭಾನುವಾರ ಮಧ್ಯಾಹ್ನ ಮೂರು ವರ್ಷದ 990 ಇಳಿಸಿಕೊಂಡು ಓದಿದೆ. (ಮನೆಯವರು ನೋಡಿ "ನಾನು ಅಲ್ಲಿ ನಿದ್ದೆ ಮಾಡೋದೇ ವಾಸಿ" ಎಂದರು.) ಟಿಕೆಟ್‌ನಿಂದ ಬರುವುದು ಇವರ ಒಟ್ಟು ಆದಾಯದಲ್ಲಿ ಮೂರನೇ ಒಂದು ಭಾಗದ ಆಸುಪಾಸು. ಮಿಕ್ಕಿದ್ದು ದೇಣಿಗೆ, ಅನುದಾನ, ಇಡುಗಂಟಿನ (ಮುಟ್ಟದೆ ಕೂಡಿಟ್ಟ ಮೂಲ ಹಣದ) ಬಡ್ಡಿ. ಕಾರ್ಯಕ್ರಮದ ಪುಸ್ತಕದ ಹಿಂದೆ ನಾಲ್ಕು ಪುಟ ಸಣ್ಣ ಅಕ್ಷರದಲ್ಲಿ ದೇಣಿಗೆ ಕೊಟ್ಟವರ ಹೆಸರು ಇರುತ್ತವಲ್ಲ, ನಾನು ಯಾವತ್ತೂ ಓದಿರಲಿಲ್ಲ. ಪ್ರತಿ ರಾತ್ರಿ ನನ್ನ ಸೀಟಿನ ನಿಜವಾದ ಖರ್ಚಿನಲ್ಲಿ ದೊಡ್ಡ ಪಾಲು ಕಟ್ಟುತ್ತಿದ್ದವರು ಅವರೇ.

ಸೀಸನ್ ಪಾಸ್ ತಗೊಳ್ಳುವವರು 990ರಲ್ಲಿ ನೋಡಲೇಬೇಕಾದ್ದು ಇನ್ನೊಂದಿದೆ. ಹತ್ತನೇ ಭಾಗದಲ್ಲಿ, ಆಸ್ತಿ ಮತ್ತು ಸಾಲದ ಪಟ್ಟಿಯಲ್ಲಿ, ಮುಂಗಡವಾಗಿ ಬಂದ ಹಣ ಎಂದು ಒಂದು ಸಾಲು ಇರುತ್ತದೆ. ನಾವು ಏಪ್ರಿಲ್‌ನಲ್ಲಿ ಕಟ್ಟಿದ ದುಡ್ಡಿಗೆ ಅವರು ನುಡಿಸುವುದು ಅಕ್ಟೋಬರ್‌ನಿಂದ. ಅಲ್ಲಿಯವರೆಗೆ ಅದು ಅವರಿಗೆ ಸಾಲವೇ. ಆ ಮುಂಗಡಕ್ಕಿಂತ ಕೈಯಲ್ಲಿರುವ ನಗದು ಕಡಿಮೆ ಇದ್ದರೆ, ಮುಂದಿನ ಸೀಸನ್ನಿನ ದುಡ್ಡಲ್ಲಿ ಈ ಸೀಸನ್ನಿನ ಸಂಬಳ ಕೊಡುತ್ತಿರಬಹುದು. ಹಾಗೆ ಕಂಡರೆ ಪಾಸ್ ಬೇಡ, ಬಿಡಿ ಟಿಕೆಟ್ ತಗೊಳ್ಳಿ. ಹೆದರಿಸಲು ಹೇಳುತ್ತಿಲ್ಲ. ಸಿರಾಕ್ಯೂಸ್ ಸಿಂಫನಿ 2011ರಲ್ಲಿ ದಿವಾಳಿಯಾಯಿತು. 1939ರಲ್ಲಿ ಹುಟ್ಟಿದ ಸ್ಯಾನ್ ಆಂಟೋನಿಯೊ ಸಿಂಫನಿ, ಕಲಾವಿದರ ಮುಷ್ಕರ ತಿಂಗಳುಗಟ್ಟಲೆ ನಡೆದು, 2022ರಲ್ಲಿ ಮುಚ್ಚಿತು. ನಮ್ಮವರ ಕೈಯಲ್ಲಿ ಮುಂಗಡಕ್ಕಿಂತ ಜಾಸ್ತಿ ನಗದು ಇತ್ತು. ತುಂಬಾ ಜಾಸ್ತಿ ಏನಲ್ಲ.

ಇಡುಗಂಟು ದೊಡ್ಡದಿದ್ದರೆ ಇಷ್ಟು ಯೋಚನೆ ಇರುತ್ತಿರಲಿಲ್ಲ. 1966ರಲ್ಲಿ ಫೋರ್ಡ್ ಫೌಂಡೇಶನ್ ಎಂಬ ದಾನ ಸಂಸ್ಥೆ ಈ ದೇಶದ 61 ಆರ್ಕೆಸ್ಟ್ರಾಗಳಿಗೆ 8 ಕೋಟಿ ಡಾಲರ್‌ಗೂ ಮೀರಿ ಕೊಟ್ಟಿತು, ಹೆಚ್ಚಿನ ಪಾಲು ಇಡುಗಂಟಿಗೇ. ಆ ಪಟ್ಟಿಯಲ್ಲಿ ನಮ್ಮವರಿಲ್ಲ. ಇರುವ ಇಡುಗಂಟಿನಲ್ಲೂ ಒಂದಿಷ್ಟು ಕಟ್ಟುಪಾಡಿನದು. ಮಕ್ಕಳ ಕಾರ್ಯಕ್ರಮಕ್ಕೆಂದು ಕೊಟ್ಟ ದುಡ್ಡನ್ನು ಟ್ಯೂಬಾದವರ ಪೆಟ್ರೋಲ್‌ಗೆ ಮುಟ್ಟುವ ಹಾಗಿಲ್ಲ.

ಈಗ ದೂರುಗಳು. ವೆಬ್‌ಸೈಟ್‌ನಲ್ಲಿ ಟಿಕೆಟ್ ತಗೊಂಡರೆ ಪ್ರತಿ ಟಿಕೆಟ್‌ಗೆ ನಾಲ್ಕೂವರೆ ಡಾಲರ್ ಶುಲ್ಕ, ಅದೂ ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲ್‌ನ ಕೌಂಟರಿಗೇ ಹೋದರೆ ಈ ಶುಲ್ಕವಿಲ್ಲ. ಆದರೆ ಕೌಂಟರ್ ತೆರೆದಿರುವುದು ವಾರದ ದಿನ ಹನ್ನೊಂದರಿಂದ ನಾಲ್ಕು. ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ದಿನಾಂಕ ಬದಲಿಸಿಕೊಳ್ಳುವುದು ಉಚಿತ ಎಂದು ಪುಸ್ತಕದಲ್ಲಿದೆ, ನಿಜಕ್ಕೂ ಉಚಿತವೇ, ಆದರೆ ಫೋನಿನಲ್ಲೇ ಮಾಡಬೇಕು, ನಾನು ಮೂರು ಸಲ ಮಾಡಿದ ಮೇಲೆ ಎತ್ತಿದರು. ನವೆಂಬರ್‌ನಲ್ಲಿ ದೇಣಿಗೆ ಕೇಳಿ ನಾಲ್ಕು ಫೋನ್, ನಾಲ್ಕೂ ಊಟದ ಹೊತ್ತಿಗೆ. 990 ಓದುವ ಮೊದಲು ನನಗೆ ಸಿಟ್ಟು ಬರುತ್ತಿತ್ತು. ಓದಿದ ಮೇಲೂ ಬರುತ್ತದೆ, ಆದರೆ ಎತ್ತಿ ಮಾತಾಡುತ್ತೇನೆ. ಇನ್ನು ಹಾಲ್ ವಿಪರೀತ ತಣ್ಣಗಿರುತ್ತದೆ. ಶಾಲು ಮರೆಯಬೇಡಿ.

ಮಾರ್ಚ್‌ನಲ್ಲಿ ಸಿನಿಮಾ ರಾತ್ರಿ ಇತ್ತು. ಪರದೆಯ ಮೇಲೆ ಇಡೀ ಸಿನಿಮಾ, ಕೆಳಗೆ ಆರ್ಕೆಸ್ಟ್ರಾ ಹಿನ್ನೆಲೆ ಸಂಗೀತ ನುಡಿಸುತ್ತದೆ. ಹಾಲ್ ಭರ್ತಿ, ಮಕ್ಕಳ ಗಲಾಟೆ, ಎಲ್ಲರಿಗೂ ಖುಷಿ. ನನಗೆ ಅಷ್ಟು ಹಿಡಿಸಲಿಲ್ಲ. ಚಿತ್ರದ ಜೊತೆ ಕೂದಲೆಳೆಯಷ್ಟೂ ತಪ್ಪದಂತೆ ಹೋಗಬೇಕಾದ್ದರಿಂದ ಕಂಡಕ್ಟರ್‌ಗೆ ಉಸಿರಾಡಲೂ ಜಾಗವಿಲ್ಲದ ಹಾಗಿತ್ತು. ಇದರಿಂದ ಲಾಭ ಬಂದು ದ್ವೋರ್ಜಾಕ್ ನಡೆಯುತ್ತದೆ ಎಂದು ನನ್ನ ಊಹೆ ಇತ್ತು. ಮಗಳ ಟೀಚರ್ ಇಲ್ಲವೆಂದು ತಲೆ ಆಡಿಸಿದರು. ಸಿನಿಮಾದ ಪರವಾನಗಿ ಶುಲ್ಕ, ಪರದೆ, ತಾಂತ್ರಿಕ ಜನ ಎಲ್ಲ ಕಳೆದರೆ ಉಳಿಯುವುದು ನೀವು ಅಂದುಕೊಂಡಷ್ಟಿಲ್ಲ ಎಂದರು. ದ್ವೋರ್ಜಾಕ್‌ಗಾದರೆ ಹಕ್ಕಿನ ಹಣ ಕೊಡಬೇಕಿಲ್ಲ, ಹಾಳೆಗಳು ಅವರದೇ ಕಪಾಟಿನಲ್ಲಿವೆ. ಇತ್ತೀಚಿನ ಸಂಗೀತಕಾರರ ಕೃತಿಯಾದರೆ ಹಾಳೆಗಳನ್ನೂ ಪ್ರಕಾಶಕರಿಂದ ಬಾಡಿಗೆಗೆ ತರಬೇಕು. ಸೀಸಕಡ್ಡಿಯಲ್ಲಿ ಬರೆದುಕೊಂಡ ಗುರುತುಗಳನ್ನು ಅಳಿಸಿ ವಾಪಸ್ ಕಳಿಸಬೇಕು. ಮಗಳು ಏಪ್ರಿಲ್‌ನಲ್ಲಿ ಒಂದು ಸಂಜೆ ಹೋಗಿ ರಬ್ಬರ್ ಹಿಡಿದು ಅಳಿಸಿಕೊಟ್ಟು ಬಂದಳು. ಬೆರಳೆಲ್ಲ ಕಪ್ಪು, ಮುಖದಲ್ಲಿ ಮಾತ್ರ ಪ್ರಶಸ್ತಿ ಬಂದ ಕಳೆ.

ದುಡ್ಡಿನ ವಿಷಯದಲ್ಲಿ ಒಂದೆರಡು ಮಾತು, ನನ್ನ ಕಸುಬಿನಿಂದ. ಪಾಸ್‌ನ ದುಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದಕ್ಕೆ ಸಂಗೀತ ಕೇಳಿದ್ದೀರಲ್ಲ. ಅದರ ಮೇಲೆ ಕೊಟ್ಟ ದೇಣಿಗೆಗೆ ವಿನಾಯಿತಿ ಕೇಳಬಹುದು. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಅವರಿಂದ ಬರಹದಲ್ಲಿ ರಸೀದಿ ತಗೊಂಡು ಇಟ್ಟುಕೊಳ್ಳಿ. ಹೋಗಲು ಆಗದಿದ್ದರೆ ಟಿಕೆಟ್ ಮೇಜಿನ ಡ್ರಾಯರಿನಲ್ಲಿ ಬಿಡಬೇಡಿ, ಮೊದಲೇ ತಿಳಿಸಿ ವಾಪಸ್ ಕೊಡಿ, ಅವರು ಇನ್ನೊಬ್ಬರಿಗೆ ಮಾರುತ್ತಾರೆ. ಫೆಬ್ರವರಿಯಲ್ಲಿ ಹಿಮ ಬಿದ್ದ ರಾತ್ರಿ ನಾವು ಹಾಗೇ ಮಾಡಿದೆವು.

ಈ ವರ್ಷದ ಪುಸ್ತಕವೂ ಬಂದಿದೆ. ಬಾಲ್ಕನಿ ದರ ಆರು ಡಾಲರ್ ಏರಿದೆ. ಕೆಳಗಿನ ಸೀಟಿಗೆ ಹೋಗೋಣವೇ ಎಂದು ಮಗಳನ್ನು ಕೇಳಿದೆ, ಬೇಡ ಎಂದಳು. ಕೆಳಗಿನ ಸೀಟಿಗೂ ನಮ್ಮ ಸೀಟಿಗೂ ಇರುವ ವ್ಯತ್ಯಾಸದಲ್ಲಿ ಅರ್ಧವನ್ನು ದೇಣಿಗೆಯಾಗಿ ಕಟ್ಟಿ, ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಕೌಂಟರಿಗೇ ಹೋಗಿ ಪಾಸ್ ತಗೊಂಡೆ. ಅದೇ ಸಾಲು, ಒಂಬತ್ತು ಸೀಟು ಎಡಕ್ಕೆ. ಅಲ್ಲಿ ಕೂತು ನೋಡಿ ಬಂದೆ. ಟ್ಯೂಬಾದವರ ಕುರ್ಚಿ ಕಾಣುತ್ತದೆ.